ಪಾದಕ್ಕೆ ಎರೆದ ನೀರು

ಪ್ರತಿ ಸೋಮವಾರ ಲಿಂಗಪೂಜೆ ಮುಗಿಸಿ, ತಿಂಗಳ ಲೆಕ್ಕದಲ್ಲಿ ಮನೆಗೆ ಊಟಕ್ಕೆ ಬರುವ ಟ್ಯುಟೋರಿಯಲ್ ಹುಡುಗರಿಗೆ ತಿಂಡಿ ಬಡಿಸಿದ ಮೇಲೆ ಮಂಜುಳಮ್ಮ ಸರಸ್ವತಿಪುರಂನಿಂದ ಆಟೊ ಹತ್ತುತ್ತಿದ್ದಳು. ಕುವೆಂಪುನಗರದ ತಮ್ಮನ ಮನೆಯಲ್ಲಿ ಅಪ್ಪ ಶಿವಮಲ್ಲಪ್ಪ ಮಲಗಿದ್ದರು. ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದುಹೋಗಿದ್ದವು, ಮಾತು ತೊದಲುತ್ತಿತ್ತು. ಬುದ್ಧಿ ಮಾತ್ರ ಚೊಕ್ಕವಾಗಿತ್ತು. ಮಗಳು ವಚನ ಹೇಳುವಾಗ ಒಂದು ಪದ ತಪ್ಪಿದರೂ ಎಡಗೈ ಬೆರಳೆತ್ತಿ ತಡೆಯುತ್ತಿದ್ದರು.

ಒಂದು ಸೋಮವಾರ ಅಪ್ಪ ಕೇಳಿಸಿಕೊಳ್ಳುತ್ತಿಲ್ಲ ಅನ್ನಿಸಿ ಅವಳು ಬೇಕೆಂದೇ ಒಂದು ಪದ ತಪ್ಪಿಸಿದಳು. ಬೆರಳು ಏಳಲಿಲ್ಲ. ಅಪ್ಪನ ತುಟಿ ಬಿರಿದು ರಕ್ತ ಕಪ್ಪಗೆ ಒಣಗಿತ್ತು. ಕಣ್ಣು ಬೀರುವಿನ ತಲೆಯ ಮೇಲೆ ನೆಟ್ಟಿತ್ತು. ಅಲ್ಲಿ ನೀರಿನ ಚೊಂಬಿತ್ತು.

"ಸುಷ್ಮಾ, ನೀರ್ಯಾಕೆ ಅಷ್ಟ್ ಮೇಲಿಟ್ಟಿದ್ದೀಯ?"

"ಕೈಗೆ ಸಿಕ್ರೆ ಕುಡೀತಾನೇ ಇರ್ತಾರೆ ಅತ್ತಿಗೆ. ಆಮೇಲೆ ಹಾಸಿಗೆ ಒದ್ದೆ. ಮಾತ್ರೆ ಜೊತೆ ಎರಡು ಗುಟುಕು ಕೊಡ್ತೀನಲ್ಲ." ಮಳೆಗಾಲದಲ್ಲಿ ಕುಂಡದ ಗಿಡಕ್ಕೆ ನೀರು ಕಮ್ಮಿ ಮಾಡಿದೆ ಅನ್ನುವಷ್ಟು ಸಲೀಸಾಗಿ ಹೇಳಿದಳು ತಮ್ಮನ ಹೆಂಡತಿ.

ಮಂಜುಳಮ್ಮ ಚೊಂಬು ಕೆಳಗಿಳಿಸಿದಳು. ಅಪ್ಪನ ತಲೆ ಎತ್ತಿ ಹಿಡಿದು ಚಮಚದಲ್ಲಿ ನೀರು ಕೊಟ್ಟಳು. ಶಿವಮಲ್ಲಪ್ಪನವರು ಚಮಚವನ್ನೇ ಕಚ್ಚಿ ಹಿಡಿದರು, ಬಿಡಲಿಲ್ಲ.

"ಅಪ್ಪನ್ನ ನಮ್ಮನೆಗೆ ಕಳ್ಸಿಕೊಡು ಸ್ವಾಮಿ," ಅಂದಳು ತಮ್ಮನಿಗೆ.

ಸಿದ್ದಲಿಂಗಸ್ವಾಮಿಯ ಮುಖ ಕೆಂಪಾಯಿತು. "ನಾನೇನ್ ಸತ್ತೋಗಿದ್ದೀನಾ ಅಕ್ಕ? ಗಂಡುಮಗ ಇದ್ದೂ ಅಪ್ಪ ಮಗಳ ಮನೇಲಿ ಬಿದ್ದವ್ರೆ ಅಂದ್ರೆ ಮಠದಲ್ಲಿ ಮುಖ ಎತ್ಕೊಂಡು ಓಡಾಡಕ್ಕಾಗುತ್ತಾ?"

ಪೇಪರು ಓದುತ್ತ ಕೂತಿದ್ದ ಚಿಕ್ಕಪ್ಪ ಚಿಕ್ಕಬಸವಯ್ಯ ಕನ್ನಡಕ ಇಳಿಸಿದರು. "ಮಗಳ ಮನೆಯಿಂದ ಹೆಣ ಎತ್ತಿದ್ರೆ ಕುಲಕ್ಕೇ ಕಳಂಕ ಕಣಮ್ಮ. ನಿಮ್ಮಪ್ಪನೂ ಅದನ್ನೇ ಹೇಳ್ಕೊಂಡ್ ಬಂದಿದ್ದು ತಾನೆ?"

ಅದು ಸುಳ್ಳಲ್ಲ. ಕಾಲು ಗಟ್ಟಿಯಿದ್ದಾಗ ಅಪ್ಪ ಮಗಳ ಮನೆಯ ಜಗಲಿಯಲ್ಲಿ ಕೂತು ಕಾಫಿ ಕುಡಿದು ಹೋಗುತ್ತಿದ್ದರೇ ಹೊರತು ಒಂದು ರಾತ್ರಿಯೂ ಉಳಿದವರಲ್ಲ. ಮಂಜುಳಮ್ಮ ಆಟೊ ಹತ್ತಿ ಮನೆಗೆ ಬಂದಳು. ಆದರೆ ಆ ಕಚ್ಚಿದ ಚಮಚ ಕಣ್ಣ ಮುಂದಿನಿಂದ ಹೋಗಲಿಲ್ಲ.

ಲಷ್ಕರ್ ಮೊಹಲ್ಲಾದ ಪಾತ್ರೆ ಅಂಗಡಿಯ ಮೇಲೆ ವಕೀಲ ವಾಗೀಶರ ಕೋಣೆ. ಅವಳು ಹೇಳಿದ್ದನ್ನೆಲ್ಲ ಕೇಳಿ ಅವರು ಒಂದೇ ಮಾತು ಕೇಳಿದರು. "ತಮ್ಮ ಹಿಂಗಂದ್ರು, ಚಿಕ್ಕಪ್ಪ ಹಂಗಂದ್ರು. ಸರಿ. ಅಪ್ಪ ಏನಂದ್ರು?"

"ಅವರನ್ನ ಯಾರೂ ಕೇಳ್ಲಿಲ್ಲ ಸಾರ್. ನಾನೂ ಕೇಳ್ಲಿಲ್ಲ."

"ಬುದ್ಧಿ ನೆಟ್ಟಗಿರೋವರ್ಗೂ ಎಲ್ಲಿರ್ಬೇಕು ಅನ್ನೋದು ಅವರ ತೀರ್ಮಾನ ಕಣಮ್ಮ. ಮಗಂದಲ್ಲ, ನಿಮ್ಮದೂ ಅಲ್ಲ. ಯಾರು ನೋಡ್ಕೋಬೇಕು, ಆಸ್ಪತ್ರೇಲಿ ಯಾರ ಮಾತು ನಡೀಬೇಕು, ಎಲ್ಲಾನೂ ಈಗ್ಲೇ ಬರೆಸಿಡ್ಬೋದು. ಬುದ್ಧಿ ಮಂಕಾದ್ಮೇಲೆ ಕೋರ್ಟು ಅಲೀಬೇಕಾಗುತ್ತೆ."

"ಇದ್ದಾಗ್ಲೇ ಇಂಥವೆಲ್ಲ ಬರೆಸೋದು ಅಪಶಕುನ ಅಂತಾರೆ."

"ಬಾಯಾರಿ ಸಾಯೋದು ಶುಭಶಕುನವಾ?"

"ಮಗಳ ಮನೆ ಬೇಡ ಅಂದ್ಬುಟ್ರೆ?"

"ಆಗ ಅಲ್ಲೇ ನೀರು ಸಿಗೋ ಹಂಗೆ ಮಾಡೋಣ. ಅದಕ್ಕೂ ಕಾನೂನಿದೆ. ಮೊದಲು ಕೇಳೋಣ."

ಅಪ್ಪನಿಗೆ ಎಂಬತ್ತು ತುಂಬಿದ ದಿನ ಸಿದ್ದಲಿಂಗಸ್ವಾಮಿ ಪಾದಪೂಜೆ ಇಟ್ಟುಕೊಂಡ. ಮನೆ ಮುಂದೆ ಶಾಮಿಯಾನ, ಒಳಗೆ ವಿಡಿಯೊದವರ ದೀಪ. ಮಂಜುಳಮ್ಮ ವಾಗೀಶರನ್ನೂ ಕರೆತಂದಿದ್ದಳು. ಶಿವಮಲ್ಲಪ್ಪನವರನ್ನು ಜರಿಪಂಚೆ ಉಡಿಸಿ, ವಾಲದಂತೆ ಶಲ್ಯದಿಂದ ಕುರ್ಚಿಗೆ ಕಟ್ಟಿ ಕೂರಿಸಿದ್ದರು. ನೆಂಟರ ಮುಂದೆ ಪಂಚೆ ಒದ್ದೆಯಾದೀತೆಂದು ಹಿಂದಿನ ಸಂಜೆಯಿಂದ ಹನಿ ನೀರು ಕೊಟ್ಟಿರಲಿಲ್ಲ.

ಮಗ ಬೆಳ್ಳಿ ತಟ್ಟೆಯಲ್ಲಿ ಅಪ್ಪನ ಪಾದ ಇರಿಸಿಕೊಂಡ. ಚೊಂಬೆತ್ತಿ ನೀರು ಎರೆದ. ಮತ್ತೆ ಎರೆದ. ನೀರು ತಟ್ಟೆ ತುಂಬಿ ನೆಲಕ್ಕೆ ಹರಿಯಿತು. ಆ ನೀರನ್ನು ಭಕ್ತಿಯಿಂದ ಕಣ್ಣಿಗೊತ್ತಿಕೊಂಡ.

"ಎಂಥ ಮಗನ್ನ ಪಡೆದವ್ನೆ ಕಣ್ರೀ ನಮ್ಮಣ್ಣ," ಅಂದರು ಚಿಕ್ಕಬಸವಯ್ಯ.

ಮುದುಕರ ಎಡಗೈ ಮೆಲ್ಲಗೆ ಎದ್ದಿತು. ಆಶೀರ್ವಾದವೆಂದು ಸಿದ್ದಲಿಂಗಸ್ವಾಮಿ ತಲೆ ತಗ್ಗಿಸಿದ. "ಹಂಗೇ ಇರಿ ಸಾರ್," ಅಂದ ವಿಡಿಯೊದವನು. ಆ ಕೈ ಮಗನ ತಲೆಯನ್ನು ಮುಟ್ಟದೆ ದಾಟಿ, ಅವನ ಕೈಲಿದ್ದ ಚೊಂಬನ್ನು ಹಿಡಿದೆಳೆದು ಬಾಯಿಗೆ ಒತ್ತಿಕೊಂಡಿತು. ಗಟಗಟ ಸದ್ದು. ಕೆಮ್ಮು. ಮತ್ತೆ ಗಟಗಟ. ಅರ್ಧ ನೀರು ಜರಿಪಂಚೆಯ ಮೇಲೆ ಸುರಿಯಿತು.

"ಪಂಚೆ, ಮಾವ," ಅಂದಳು ಸುಷ್ಮಾ. ಅಂದವಳು ತಾನೇ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

ಮಂಜುಳಮ್ಮ ಬಂದು ಶಲ್ಯದ ಗಂಟು ಬಿಚ್ಚಿದಳು. ವಾಗೀಶರು ಅಪ್ಪನ ಮೊಣಕಾಲ ಬಳಿ ಕೂತರು. "ಯಜಮಾನ್ರೇ, ನಿಮಗೆಲ್ಲಿ ಇರೋಕಿಷ್ಟ?"

"ಅಣ್ಣ, ಮನೆತನದ ಮಾನ ನೋಡ್ಕೊಂಡು ಮಾತಾಡು," ಅಂದರು ಚಿಕ್ಕಬಸವಯ್ಯ.

ಶಿವಮಲ್ಲಪ್ಪನವರು ತಮ್ಮನನ್ನು ನೋಡಿದರು. ಒಂದೊಂದೇ ಅಕ್ಷರ ಎಳೆದು ತಂದರು. "ಮಾ...ನ ಇಲ್ಲೇ ಇರ್ಲಿ. ನಾ...ನು ಮಂಜಿ ಮನೆಗೋಯ್ತೀನಿ."

ಆ ವಾರವೇ ವಾಗೀಶರು ವೈದ್ಯರೊಬ್ಬರನ್ನು ಎದುರಿಗಿಟ್ಟುಕೊಂಡು ಅಪ್ಪನಿಗೆ ಪ್ರತಿ ಸಾಲನ್ನೂ ಓದಿ ಹೇಳಿ ಪತ್ರ ಬರೆಸಿದರು. ಒಂದು ಕಡೆ ಅಪ್ಪ ಬೆರಳೆತ್ತಿ ತಡೆದರು. "ಮಗಳ ಆಶ್ರಯದಲ್ಲಿ" ಎಂಬುದನ್ನು ತೆಗೆಸಿ "ಮಗಳ ಜೊತೆ" ಎಂದು ಹಾಕಿಸಿದರು. ಆಮೇಲೆ ಎಡಗೈ ಹೆಬ್ಬೆಟ್ಟು ಒತ್ತಿದರು. ನೆಂಟರಲ್ಲಿ ಅರ್ಧ ಜನ ಮಂಜುಳಮ್ಮನ ಮನೆಗೆ ಬರುವುದನ್ನು ಬಿಟ್ಟರು.

ಸರಸ್ವತಿಪುರಂನಲ್ಲಿ ಮೊದಲ ಬೆಳಗ್ಗೆ ಹಾಸಿಗೆ ಒದ್ದೆಯಾಗಿತ್ತು. ಅಪ್ಪ ಮುಖ ಗೋಡೆಗೆ ತಿರುಗಿಸಿಕೊಂಡಿದ್ದರು. ಮಂಜುಳಮ್ಮ ಅವರನ್ನು ಒರೆಸಿ, ಬೇರೆ ಪಂಚೆ ಉಡಿಸಿದಳು. ಒದ್ದೆ ಚಾದರ ಒಗೆದು ಬೀದಿಗೆ ಕಾಣುವ ಹಾಗೆ ಬಿಸಿಲಿಗೆ ಹರವಿದಳು. ಒಳಗೆ ಬಂದು ಚೊಂಬು ತುಂಬಿ ಅಪ್ಪನ ಎಡಗೈಗೆ ಎಟುಕುವಲ್ಲಿ ಇಟ್ಟಳು.