ಎಲೂಗೆ ತೋಡಿದ ಗುಂಡಿ

"ಇನ್ನೊಂದು ಗೇಣು ಅಗಲ ಮಾಡ್ರೋ! ಪೆಟ್ಟಿಗೆ ಮಧ್ಯದಲ್ಲಿ ಸಿಕ್ಕಾಕೊಂಡ್ರೆ ಊರೆಲ್ಲ ನಗುತ್ತೆ," ಎಂದು ಲೆಫೀಟಿ ಗುಂಡಿಯ ಅಂಚಿನಲ್ಲಿ ನಿಂತು ಕೂಗಿದ. ಒಳಗೆ ಅವನ ಇಬ್ಬರು ಗಂಡುಮಕ್ಕಳು ಹಾರೆ ಹಾಕುತ್ತಿದ್ದರು. ಕೆಳಗೆ ಬರೀ ಹವಳದ ಕಲ್ಲು, ಏಟು ಬಿದ್ದಾಗಲೆಲ್ಲ ಹಾರೆ ಠಣ್ಣೆಂದು ವಾಪಸು ಬರುತ್ತಿತ್ತು. ಹುಡುಗರು ಬೆಳಗಿನಿಂದ ಅಗೆದು ಸುಸ್ತಾಗಿದ್ದರು.

ಮುಂಬಾಗಿಲಿಗೂ ರಸ್ತೆಗೂ ನಡುವಿನ ಆ ಅಂಗಳದಲ್ಲಿ ಆಗಲೇ ಮೂರು ಗೋರಿಗಳಿದ್ದವು. ಲೆಫೀಟಿಯ ತಂಗಿ ಲಾಂಗಿ ಆ ಮನೆಯ ಒಡತಿ. ಒಂದು ಅವಳ ಅಪ್ಪನದು, ಒಂದು ಅಮ್ಮನದು, ಇನ್ನೊಂದು ಏಳನೆಯ ವಯಸ್ಸಿಗೆ ಜ್ವರ ಬಂದು ಹೋದ ಅವಳ ಮಗ ಸೇಫೋನದು. ಸಾಗರದ ನಡುವೆ ಅಮೆರಿಕದ ಬಾವುಟದ ಕೆಳಗಿರುವ ನಮ್ಮ ಟುಟುಯಿಲಾ ದ್ವೀಪದಲ್ಲಿ ಯಾವ ಮನೆಗೆ ಹೋದರೂ ಹೀಗೆಯೇ. ಇಷ್ಟು ದಿನ ಜೊತೆಗಿದ್ದವರನ್ನು ಸತ್ತರೆಂದು ದೂರ ಎಸೆದು ಬರುವುದು ಯಾವ ಸೀಮೆಯ ನ್ಯಾಯ? ಗೋರಿಯ ಮೇಲೆ ಬಟ್ಟೆ ಒಣಗುತ್ತದೆ, ಮಕ್ಕಳು ಇಸ್ಪೀಟು ಆಡುತ್ತಾರೆ, ಸೆಕೆ ಹೆಚ್ಚಾದ ಮಧ್ಯಾಹ್ನ ಯಾರಾದರೂ ಅಲ್ಲೇ ಒಂದು ನಿದ್ದೆ ತೆಗೆಯುತ್ತಾರೆ.

ನಾಲ್ಕನೆಯದು ಲಾಂಗಿಯ ಗಂಡನಿಗೆ. ಅವನ ಹೆಸರು ಎಲ್ವುಡ್ ಬಿಟ್ಸುಯಿ. ನಮ್ಮ ನಾಲಿಗೆಯಲ್ಲಿ ಅದು ಎಲೂ ಆಗಿಬಿಟ್ಟಿತ್ತು. ಅಮೆರಿಕದ ಒಣನಾಡಿನ ಮೂಲನಿವಾಸಿಗಳಾದ ನವಾಹೊ ಜನದವನು. ಕೆಲಸ ಹುಡುಕಿಕೊಂಡು ಹೋದ ದೊಡ್ಡ ಊರಿನ ಲಾಂಡ್ರಿಯೊಂದರಲ್ಲಿ ಲಾಂಗಿಯನ್ನು ಕಂಡು, ಅವಳ ಹಿಂದೆಯೇ ಇಲ್ಲಿಗೆ ಬಂದು, ಮೀನಿನ ಕಾರ್ಖಾನೆಯ ಐಸ್ ಯಂತ್ರಗಳನ್ನು ರಿಪೇರಿ ಮಾಡುತ್ತ ಮುದುಕನಾದ.

ಹೊರಗಿನಿಂದ ಬಂದ ಅಳಿಯನಿಗೆ ಮನೆಯ ಮುಂದೆ ಜಾಗ ಸಿಗುವುದೆಂದರೆ ಹುಡುಗಾಟವಲ್ಲ. ನೆಲ ಮನೆತನದ್ದು. ಯಾರಿಗೆ ಎಲ್ಲಿ ಎಂದು ಹೇಳುವವನು ಮನೆತನದ ಯಜಮಾನ ಲೆಫೀಟಿ. ಯಾರ ಗೋರಿ ಅಂಗಳದಲ್ಲಿದೆಯೋ ಅವರ ಮಕ್ಕಳನ್ನು ಆ ಮನೆಯಿಂದ ಮುಂದೆ ಯಾರೂ ಅಲ್ಲಾಡಿಸಲಾರರು. ಲಾಂಗಿಗೆ ಇಬ್ಬರು ಹೆಣ್ಣುಮಕ್ಕಳು. ಅದನ್ನೆಲ್ಲ ಯೋಚಿಸಿಯೇ ಲೆಫೀಟಿ ಹಾರೆ ಹಿಡಿಸಿದ್ದ.

ಮನೆಯೊಳಗೆ ಶವದ ಪೆಟ್ಟಿಗೆಯ ಪಕ್ಕದಲ್ಲಿ ಲಾಂಗಿ ಗೋಡೆಗೊರಗಿ ಕೂತಿದ್ದಳು. ಅತ್ತೂ ಅತ್ತೂ ಅಲ್ಲ, ವರ್ಷಗಟ್ಟಲೆ ಆಸ್ಪತ್ರೆಗೆ ಓಡಾಡಿ ಅವಳು ಬಸವಳಿದಿದ್ದಳು. ಲೆಫೀಟಿಯ ಹೆಂಡತಿ ಪೆಪೆ ದುಡುದುಡು ಒಳಗೆ ಬಂದಳು.

"ನಿನ್ನ ಗಂಡನ ಅಕ್ಕ ಇನ್ನೂ ಗಾಡಿಯಲ್ಲೇ ಕೂತಿದಾರೆ ಕಣೇ! ಊಟ ತಗೊಂಡೋದೆ, ಬೇಡ ಅಂದ್ರು. ನಮ್ಮಜ್ಜಿ ಹೆಣೆದ ಚಾಪೆ ಕೊಟ್ಟೆ, ಕೈ ಹಿಂದಕ್ಕೆ ಎಳ್ಕೊಂಡ್ರು. ನಮ್ಮ ಚಾಪೆಗೇನು ಹುಳ ಬಿದ್ದಿದ್ಯಾ?"

"ಪೆಟ್ಟಿಗೆ ಹತ್ರ ಇಟ್ಟಿದ್ದ ಚಾಪೆ ಅಲ್ವಾ ಅತ್ತಿಗೆ. ಸತ್ತವರ ಹತ್ರ ಇದ್ದದ್ದನ್ನ ಅವರ ಜನ ಮುಟ್ಟಲ್ಲ."

"ಸರಿ, ತಮ್ಮನ ಮುಖನಾದ್ರೂ ನೋಡ್ತಾರಾ?"

"ನೋಡಲ್ಲ."

"ಅಯ್ಯೋ ದೇವ್ರೇ! ಮತ್ಯಾಕೆ ಅಷ್ಟು ದೂರ ವಿಮಾನದಲ್ಲಿ ಬಂದ್ರು?"

ಲಾಂಗಿ ಪೆಟ್ಟಿಗೆಯ ಮೇಲೆ ಕೂತ ನೊಣ ಓಡಿಸಿದಳು.

ಹೊರಗೆ ಹಲಸಿನಂಥ ಕಾಯಿ ಬಿಡುವ ಮರದ ನೆರಳಿನಲ್ಲಿ ನಿಲ್ಲಿಸಿದ ಪಿಕಪ್ ಗಾಡಿಯಲ್ಲಿ ಎಲೂನ ಅಕ್ಕ ಐಲೀನ್ ಮನೆಗೆ ಬೆನ್ನು ಹಾಕಿ ಕೂತಿದ್ದಳು. ಲೆಫೀಟಿ ಬೆವರು ಒರೆಸಿಕೊಳ್ಳುತ್ತ ಹೋಗಿ ಒಂದು ಎಳನೀರು ಚಾಚಿದ.

"ಕುಡೀರಿ ಅಕ್ಕಾ. ಇದನ್ನ ಈಗ ತಾನೇ ಮರದಿಂದ ಇಳಿಸಿದ್ದು, ಮನೆಯೊಳಗೆ ಹೋಗೇ ಇಲ್ಲ."

ಐಲೀನ್ ನಕ್ಕು ಈಸಿಕೊಂಡಳು. "ಪುಣ್ಯವಂತರಪ್ಪ ನೀವು. ಸುತ್ತ ನೀರು, ಮರದ ಮೇಲೂ ನೀರು. ನಾನು ಕುಡಿಯೋ ನೀರಿಗೆ ಡ್ರಮ್ ಹೇರ್ಕೊಂಡು ಹೋಗಿ ಬರೋಷ್ಟರಲ್ಲಿ ಅರ್ಧ ದಿನ ಹೋಗುತ್ತೆ."

"ಸುತ್ತ ಇರೋದು ಉಪ್ಪುನೀರು. ಅದರಲ್ಲಿರೋ ಮೀನು ಕಾರ್ಖಾನೆಗೆ ಹೋಗಿ, ಡಬ್ಬಿಯೊಳಗೆ ಕೂತು ನಿಮ್ಮ ಕಡೆಗೆ ಹಡಗು ಹತ್ತುತ್ತೆ. ಅಲ್ಲಿಂದ ನಮಗೆ ಬರೋದು, ನಿಮ್ಮ ಕಡೆಯೋರು ತಿನ್ನದೇ ಬಿಟ್ಟ ಟರ್ಕಿ ಕೋಳಿ ಬಾಲ."

"ನಮ್ಮ ಕಡೆಯೋರು ಅನ್ಬೇಡಿ. ನಮ್ಮ ಗುಡ್ಡದ ಕಲ್ಲಿದ್ದಲು ಸುಟ್ಟು ಊರೂರಿಗೆ ಕರೆಂಟು ಕೊಟ್ರು. ತಂತಿ ನನ್ನ ತಲೆ ಮೇಲೇ ಹಾದುಹೋಗುತ್ತೆ. ನನ್ನ ಮನೇಲಿ ಇವತ್ತಿಗೂ ಸೀಮೆಎಣ್ಣೆ ದೀಪ."

ಲೆಫೀಟಿಗೆ ಹುರುಪು ಬಂತು. "ಸಕ್ಕರೆ ಕಾಯಿಲೆ?"

"ಮನೆಗೊಬ್ಬರು."

"ನಮ್ಮಲ್ಲಿ ಮನೆಗಿಬ್ಬರು!" ಎಂದು ಚಪ್ಪಲಿ ಬಿಟ್ಟು ಎರಡು ಬೆರಳಿಲ್ಲದ ಪಾದ ತೋರಿಸಿದ. "ಮಿಲಿಟರಿಗೆ?"

"ನನ್ನ ಇಬ್ಬರು ಹುಡುಗರೂ."

"ನನ್ನ ದೊಡ್ಡವನು. ಅಲ್ಲಿ ಅಗೀತಿರೋರು ಅವರ ಕೈಗೆ ಸಿಕ್ಕದೆ ಉಳಿದೋರು. ನೋಡಿ, ಒಂದೇ ಬಾವುಟ, ಒಂದೇ ಕಾಯಿಲೆ. ಬೀಗರಾಗೋಕೆ ಇನ್ನೇನು ಬೇಕು?"

"ಒಂದು ವ್ಯತ್ಯಾಸ ಇದೆ," ಎಂದಳು ಐಲೀನ್. "ನೀವು ಬೆರಳು ತೋರಿಸಿದ ಕಡೆ ಮನೆ, ಬೆರಳು ತೋರಿಸಿದ ಕಡೆ ಗುಂಡಿ. ನಮ್ಮ ಕುರಿ ಮೇಯೋ ಜಾಗದಲ್ಲಿ ಒಂದು ಕೋಣೆ ಎಬ್ಬಿಸೋಕೆ ನನ್ನ ಮಗಳು ಕಚೇರಿಯಿಂದ ಕಚೇರಿಗೆ ಅಲೆದು ಚಪ್ಪಲಿ ಸವೆಸಿದಾಳೆ. ನೆಲ ನಮ್ಮದೇ ಅಂತಾರೆ, ಮೊಳೆ ಹೊಡೆಯೋಕೆ ಸರ್ಕಾರದ ಅಪ್ಪಣೆ ಬೇಕು."

"ಅದಕ್ಕೇ ಅಕ್ಕಾ, ನಿಮ್ಮ ಎಲೂಗೆ ನಾನು—"

ಐಲೀನ್ ಥಟ್ಟನೆ ಕೈ ಎತ್ತಿದಳು. "ಹೆಸರು ಬೇಡ. ಹೋದವನನ್ನ ವಾಪಸು ಕರೆದ ಹಾಗಾಗುತ್ತೆ."

ಲೆಫೀಟಿ ನಾಲಿಗೆ ಕಚ್ಚಿಕೊಂಡ. "ಅವನಿಗೆ ಮನೆ ಮುಂದೇ ಜಾಗ ಕೊಟ್ಟಿದೀನಿ. ಮಗನ ಪಕ್ಕದಲ್ಲೇ. ನಿಮಗೆ ಸಂತೋಷ ತಾನೇ?"

ಅವಳು ಎಳನೀರನ್ನು ಸೀಟಿನ ಮೇಲಿಟ್ಟಳು. "ದೊಡ್ಡ ಮನಸ್ಸು ಮಾಡಿದೀರಿ," ಎಂದಳು. ಅದು ಹೌದೋ ಅಲ್ಲವೋ ಲೆಫೀಟಿಗೆ ತಿಳಿಯಲಿಲ್ಲ.

*

ವರ್ಷಗಳ ಹಿಂದೆ, ಮಗ ಸೇಫೋನನ್ನು ಮಣ್ಣು ಮಾಡಿದ ದಿನ ಊರೆಲ್ಲ ಅಂಗಳದಲ್ಲಿ ಕೂಡಿ ಹಾಡಿತ್ತು. ಎಲೂ ಮಾತ್ರ ಮನೆಯ ಹಿಂದೆ ನೆಲದೊಲೆಗೆ ಸೌದೆ ಒಡೆಯುತ್ತಿದ್ದ. ಹಾಡು ನಿಂತಾಗಲೆಲ್ಲ ಕೊಡಲಿಯ ಸದ್ದು ಕೇಳುತ್ತಿತ್ತು. ಕಲ್ಲೆದೆಯವನು ಎಂದಿತು ಊರು. ಅಂದಿನಿಂದ ಅವನು ಮುಂಬಾಗಿಲು ಬಿಟ್ಟ. ಬಾಳೆಗಿಡಗಳ ನಡುವೆ ತಾನೇ ಒಂದು ದಾರಿ ಸವರಿಕೊಂಡು, ಅಡಿಗೆಮನೆಯ ಕಡೆಯಿಂದ ಓಡಾಡಿದ.

ಲಾಂಗಿ ದಿನಾ ಸಂಜೆ ಮಗನ ಗೋರಿಯ ಮೇಲೆ ಕೂತು ಅವನೊಂದಿಗೆ ಮಾತಾಡುವಳು. ಒಂದು ಸಂಜೆ ತಡೆಯಲಾರದೆ ಎದ್ದು ಅಡಿಗೆಮನೆಗೆ ಹೋದಳು.

"ನಿನ್ನ ಮಗ ಅಲ್ವಾ ಅವನು? ಒಂದ್ಸಲ ಬಂದು ಪಕ್ಕದಲ್ಲಿ ಕೂರೋಕೆ ನಿನಗೇನು ಬಂದಿದೆ ರೋಗ?"

ಎಲೂ ಕೆಸುವಿನ ಗೆಡ್ಡೆ ಹೆರೆಯುತ್ತಿದ್ದ. ತಲೆ ಎತ್ತಲಿಲ್ಲ. "ನಾವು ಹೀಗೆ ಹಿಡ್ಕೊಂಡು ಕೂತ್ರೆ ಅವನು ಹೋಗೋದು ಹೇಗೆ? ಸಣ್ಣವನು. ನಮ್ಮ ದನಿ ಕೇಳಿ ಹಿಂದೆ ಹಿಂದೆ ನೋಡ್ತಾ ದಾರೀಲೇ ನಿಂತುಬಿಡ್ತಾನೆ."

"ಎಲ್ಲಿಗೂ ಹೋಗೋದು ಬೇಡ. ಇಲ್ಲೇ ಇರ್ಲಿ."

"ಅದು ನಿನ್ನ ಆಸೆ ಲಾಂಗಿ."

ಆ ಮಾತನ್ನು ಅವಳು ಕ್ಷಮಿಸಲಿಲ್ಲ. ಅನ್ನ ಹಾಕಿದಳು, ಬಟ್ಟೆ ಒಗೆದಳು, ಇನ್ನಿಬ್ಬರು ಮಕ್ಕಳನ್ನು ಹೆತ್ತಳು. ಕ್ಷಮಿಸಲು ಮಾತ್ರ ಆಗಲಿಲ್ಲ.

ಕೊನೆಕೊನೆಗೆ ಅವನ ಮೂತ್ರಪಿಂಡ ಕೈಕೊಟ್ಟು ದೇಹ ಒಣಗುತ್ತ ಬಂದಾಗ, ಒಂದೆರಡು ಸಲ ಧೈರ್ಯ ಮಾಡಿ ಕೇಳಿದಳು. "ನಿನ್ನ ಎಲ್ಲಿ ಇಡಲಿ? ಬಾಯಿಬಿಟ್ಟು ಹೇಳಿಬಿಡು." ಎಲೂ ಗೋಡೆಯ ಕಡೆ ಹೊರಳಿ, "ಅದನ್ನ ಮನೆಗೆ ಕರೀಬೇಡ," ಎಂದ. ಸಾವಿನ ಮಾತು ಆಡಿದರೆ ಸಾವು ಬರುತ್ತದೆಂದು ಅವನ ಜನ ನಂಬಿದ್ದರು. ಆಡದಿದ್ದರೂ ಬಂತು.

*

ಮಧ್ಯಾಹ್ನ ಪಾದ್ರಿಯೂ ಚರ್ಚಿನ ಬಿಳಿ ಬಟ್ಟೆಯ ಹಾಡುವವರೂ ಬಂದು ಅಂಗಳದಲ್ಲಿ ನಿಂತರು. ಲಾಂಗಿ ಎದ್ದು, ಯಾರಿಗೂ ಹೇಳದೆ ಪಿಕಪ್ ಹತ್ತಿರ ಹೋದಳು.

"ಅಕ್ಕಾ, ನೀವಾದ್ರೂ ಹೇಳಿ. ಅವನಿಗೆ ಏನು ಬೇಕಿತ್ತು?"

"ನಾನು ಹೇಳಿದ್ರೆ ನಿಮ್ಮಣ್ಣ ಪ್ರೀತಿಯಿಂದ ಕೊಟ್ಟ ಜಾಗನ ಬೇಡ ಅಂದ ಹಾಗಾಗುತ್ತೆ," ಎಂದಳು ಐಲೀನ್. "ನೀನು ಅವನ ಜೊತೆ ಬಾಳಿದವಳು. ನಿನಗೆ ಗೊತ್ತಿರೋದನ್ನ ನನ್ನ ಬಾಯಲ್ಲಿ ಹೇಳಿಸ್ಬೇಡಮ್ಮ."

"ನಿಮ್ಮಲ್ಲಿ ಹೇಗೆ ಮಾಡ್ತೀರಿ?"

"ಈಗ ಎಲ್ಲಾ ಥರನೂ ಮಾಡ್ತಾರೆ. ನಮ್ಮ ಮನೇಲಿ ಹಳೇ ಪದ್ಧತಿ. ದೂರ, ನಾಲ್ಕೈದು ಜನ ಮಾತ್ರ ಹೋಗಿ ಇಟ್ಟು ಬರ್ತೀವಿ. ತಿರುಗಿ ನೋಡಲ್ಲ. ಮತ್ತೆ ಆ ಕಡೆ ಹೋಗಲ್ಲ."

"ಮತ್ತೆ ಯಾವತ್ತೂ?"

"ಯಾವತ್ತೂ."

ಲಾಂಗಿ ಗಾಡಿಯ ಬಾಗಿಲು ಹಿಡಿದುಕೊಂಡಳು. "ಅದ್ಹೇಗೆ ತಡ್ಕೊಳ್ತೀರಿ ಅಕ್ಕಾ ನೀವು?"

"ತಡ್ಕೊಳೋಕೆ ಆಗಲ್ಲ. ಆದ್ರೂ ಬಿಟ್ಟು ಬರ್ತೀವಿ."

ಅಷ್ಟರಲ್ಲಿ ಒಳಗಿನಿಂದ ಪೆಟ್ಟಿಗೆ ಎತ್ತಿದರು. ಹಾಡು ಶುರುವಾಯಿತು. ಲಾಂಗಿ ಓಡಿಹೋಗಿ ಪೆಟ್ಟಿಗೆಯ ಪಕ್ಕಕ್ಕೆ ಕೈ ಇಟ್ಟು ಜೊತೆಗೆ ಮೆಟ್ಟಿಲಿಳಿದಳು. ಅಪ್ಪನ ಗೋರಿ ದಾಟಿತು. ಅಮ್ಮನ ಗೋರಿಯ ಹತ್ತಿರ ಬರುವಾಗ ಅವಳ ಅಂಗೈಗೆ ಬೇರೊಂದು ನೆನಪು ಬಂತು.

ಕಳೆದ ವರ್ಷದಿಂದ ಎಲೂನ ಕಾಲಿಗೆ ಹಿಂದಿನ ದಾರಿಯ ಏರು ಆಗುತ್ತಿರಲಿಲ್ಲ. ರಕ್ತ ಶುದ್ಧಿಗೆ ಕರೆದೊಯ್ಯುವ ಆಸ್ಪತ್ರೆಯ ವ್ಯಾನು ಮುಂದಿನ ರಸ್ತೆಯಲ್ಲೇ ನಿಲ್ಲುತ್ತಿತ್ತು. ಹೋಗುವಾಗ, ಬರುವಾಗ ಗೋರಿಗಳ ನಡುವೆಯೇ ಹಾಯಬೇಕು. ಲಾಂಗಿ ಅವನ ತಲೆಯ ಮೇಲೆ ಟವೆಲು ಹೊದಿಸಿ, ಕೈ ಹಿಡಿದು ನಡೆಸುತ್ತಿದ್ದಳು. ಐಸ್ ಯಂತ್ರಗಳೊಳಗೆ ತೋಳು ತೂರಿಸಿ ಗಂಟೆಗಟ್ಟಲೆ ದುಡಿದ ಆ ಕೈ ಗಡಗಡ ನಡುಗುತ್ತಿತ್ತು. "ದಾಟಿದ್ವಾ?" ಎಂದು ಟವೆಲಿನ ಒಳಗಿಂದ ಕೇಳುವನು. "ಇನ್ನೇನು ಬಂತು, ನಡಿ," ಎನ್ನುವಳು. ಒಂದು ಸಲ, ಮಗನ ಗೋರಿಯ ಪಕ್ಕದಲ್ಲೇ, ಹಳೆಯ ಸಿಟ್ಟಿಗೆ ಬೇಕೆಂದೇ ಒಂದು ಗಳಿಗೆ ನಿಂತುಬಿಟ್ಟಿದ್ದಳು. ಅವನು ಅವಳ ಕೈಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡ, ಅಷ್ಟೇ.

"ನಿಲ್ಲಿಸಿ," ಎಂದಳು ಲಾಂಗಿ.

ಯಾರಿಗೂ ಕೇಳಿಸಲಿಲ್ಲ.

"ನಿಲ್ಲಿಸ್ರೋ ಅಂದ್ರೆ!"

ಹಾಡು ಅಡ್ಡಾದಿಡ್ಡಿಯಾಗಿ ನಿಂತಿತು. ಪಾದ್ರಿ ಕನ್ನಡಕದ ಮೇಲಿಂದ ನೋಡಿದರು.

"ಇಲ್ಲಿ ಬೇಡ ಅಣ್ಣಾ. ಮೇಲೆ, ನಮ್ಮ ಬಾಳೆತೋಟದ ಆಚೆ ಇಡೋಣ."

ಲೆಫೀಟಿಯ ಮುಖ ಕೆಂಪೇರಿತು. "ತಲೆ ಕೆಟ್ಟಿದ್ಯಾ ನಿನಗೆ? ಹಂದಿಗಳು ತಿರುಗೋ ಜಾಗ ಅದು! ನಾನು ಊರ ಹಿರಿಯರ ಮುಂದೆ ಮಾತು ಕೊಟ್ಟು ಈ ಜಾಗ ಕೊಟ್ಟಿದೀನಿ. ನಾಳೆ ನಾನು ಹೋದ್ಮೇಲೆ, ನಿಮ್ಮಪ್ಪನ ಗೋರಿ ಎಲ್ಲಿದೆ ಅಂತ ಯಾರಾದ್ರೂ ನಿನ್ನ ಹೆಣ್ಣುಮಕ್ಕಳನ್ನ ಕೇಳಿದ್ರೆ ಏನು ಹೇಳ್ತಾರೆ?"

"ನಮ್ಮಮ್ಮನ ಗೋರಿ ಇಲ್ಲಿದೆ ಅಂತಾರೆ. ಈ ಗುಂಡಿ ನನಗಿರ್ಲಿ."

"ಮತ್ತೆ ಅವನು? ಅಲ್ಲಿ ಒಬ್ಬನೇ?"

ಲಾಂಗಿ ಪೆಟ್ಟಿಗೆಯಿಂದ ಕೈ ತೆಗೆದಳು. "ಒಬ್ಬನೇ ಹೋಗ್ತಾನೆ. ನಾನಿಲ್ಲಿ ಇಟ್ಕೊಂಡ್ರೆ, ನನಗೆ ಗೊತ್ತು ನನ್ನ ಬುದ್ಧಿ, ದಿನಾ ಬಂದು ಕೂತು ಮಾತಾಡಿಸ್ತೀನಿ. ಇಲ್ಲಿ ಹಾಯೋಕೇ ನಡುಗ್ತಿದ್ದ ಅಣ್ಣಾ ಅವನು. ಅಂಥವನನ್ನ ಇಲ್ಲೇ ಹೇಗೆ ಮಲಗಿಸ್ಲಿ?"

ಪೆಪೆ ಬಾಯಿಗೆ ಸೆರಗಿನಂತೆ ಟವೆಲು ಒತ್ತಿಕೊಂಡಳು. ಲೆಫೀಟಿ ಗುಂಡಿಯನ್ನು ನೋಡಿದ, ತಂಗಿಯನ್ನು ನೋಡಿದ, ಪಿಕಪ್ ಕಡೆ ನೋಡಿದ. ಆಮೇಲೆ ಮಕ್ಕಳ ಕಡೆ ತಿರುಗಿ ಗದರಿದ. "ಏನು ಬಾಯ್ ಬಾಯ್ ಬಿಡ್ತಾ ನಿಂತಿದೀರ? ಹಾರೆ ತಗೊಂಡು ಮೇಲೆ ಹತ್ತಿ!"

ಬೆಳಗಿನಿಂದ ಕಲ್ಲು ಒಡೆದ ಹುಡುಗರು ಗೊಣಗುತ್ತ ಗುಡ್ಡ ಹತ್ತಿದರು. ಅಲ್ಲಿನದು ಮೆತ್ತನೆಯ ಮಣ್ಣು, ಬೇಗ ಅಗೆದರು. ಪೆಟ್ಟಿಗೆ ಹೊತ್ತವರು, ಪಾದ್ರಿ, ಲಾಂಗಿ ಮತ್ತು ಅಣ್ಣ, ಇಷ್ಟೇ ಜನ ಹೋದದ್ದು. ಪ್ರಾರ್ಥನೆ ಚಿಕ್ಕದಾಗಿ ಮುಗಿಯಿತು. ಐಲೀನ್ ಹೇಳಿದ್ದನ್ನು ಲಾಂಗಿ ಏರುದಾರಿಯಲ್ಲಿ ಅಣ್ಣನಿಗೆ ತಿಳಿಸಿದ್ದಳು. ಮಣ್ಣು ಮುಚ್ಚಿದ ಮೇಲೆ ಲೆಫೀಟಿ ಕೈ ಕೊಡವಿಕೊಂಡ.

"ಇನ್ನು ಇಳೀರಿ. ಯಾವನಾದ್ರೂ ತಿರುಗಿ ನೋಡಿದ್ರೆ ಕಾಲು ಮುರೀತೀನಿ. ಪಾದ್ರಿಗಳೇ, ನಿಮಗೂ ಸೇರಿಸಿ ಹೇಳಿದ್ದು."

ಎಲ್ಲರೂ ಇಳಿದರು. ಲಾಂಗಿ ಎಲ್ಲರಿಗಿಂತ ಮುಂದೆ ಇಳಿದಳು. ಒಂದೆರಡು ಕಡೆ ಜಾರಿದಳು, ಆದರೆ ನಿಲ್ಲಲಿಲ್ಲ.

ಕೆಳಗೆ ಬಂದವರಿಗೆಲ್ಲ ಊಟವಾಯಿತು. ಸಾವಿನ ಮನೆಗೆ ಉಡುಗೊರೆಯಾಗಿ ಬಂದ ಚಾಪೆಗಳನ್ನೂ ಡಬ್ಬಿ ಮಾಂಸದ ಪೆಟ್ಟಿಗೆಗಳನ್ನೂ ಹಂಚಿದರು. ಒಳಗೆ ಇಡದೇ ಇದ್ದ ಒಂದು ಹೊಸ ಚಾಪೆಯನ್ನು ಪೆಪೆ ಹುಡುಕಿ ತಂದು ಐಲೀನ್ ಮಡಿಲಿಗೆ ಹಾಕಿದಳು. ಐಲೀನ್ ಅದನ್ನು ಇಟ್ಟುಕೊಂಡಳು. ಸಂಜೆಯ ಹೊತ್ತಿಗೆ ಅಂಗಳ ಖಾಲಿಯಾಯಿತು.

ಲೆಫೀಟಿ ತಗಡಿನ ಹಾಳೆಯೊಂದನ್ನು ಎಳೆದುಕೊಂಡು ಬಂದಾಗ ಲಾಂಗಿ ಗುಂಡಿಯೊಳಗೆ ಕಾಲು ಇಳಿಬಿಟ್ಟು, ಸೇಫೋನ ಗೋರಿಗೆ ಭುಜ ತಾಗಿಸಿ ಕೂತಿದ್ದಳು.

"ಏಳಮ್ಮ, ಮುಚ್ಚೋಣ. ತೋಡಿದ ಗುಂಡಿ ಬಾಯಿ ತೆರೆದಿದ್ರೆ ಮನೆಗೆ ಒಳ್ಳೇದಲ್ಲ."

"ಇನ್ನೊಂದು ಸ್ವಲ್ಪ ಹೊತ್ತು."

ಅವನು ತಗಡು ಇಳಿಸಿ ಉಸಿರು ಬಿಡುತ್ತ ಪಕ್ಕದಲ್ಲಿ ಕೂತ. ಕೂರುತ್ತ ಅವನ ಕಣ್ಣು ಮನೆಯ ಮಾಡಿನ ಮೇಲಿಂದ ಗುಡ್ಡದ ಕಡೆ ಹೋಯಿತು.

"ಲಾಂಗೀ, ಇಲ್ಲಿಂದಲೇ ಕಾಣುತ್ತೆ ಕಣೇ. ಬಾಳೆಯ ಆಚೆ, ಹೊಸ ಮಣ್ಣು, ಸ್ಪಷ್ಟವಾಗಿ. ಸ್ವಲ್ಪ ಕತ್ತು ತಿರುಗಿಸಿದ್ರೆ ಸಾಕು."

"ಗೊತ್ತು," ಎಂದಳು ಲಾಂಗಿ.

ಅವಳು ರಸ್ತೆಯನ್ನೂ ಅದರಾಚೆಯ ಸಮುದ್ರವನ್ನೂ ನೋಡುತ್ತಿದ್ದಳು. ಎರಡೂ ಕೈಗಳಿಂದ ತನ್ನ ಕತ್ತನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು.