ಗಾಯಾಳುಗಳನ್ನು ಸಾಗಿಸಿದವಳು

ಹದಿನೆಂಟು ವರ್ಷ ಸೇನೆಯ ಆಂಬ್ಯುಲೆನ್ಸ್ ಓಡಿಸಿ ನಿವೃತ್ತಳಾದವಳು ತಂಗಿಯ ಡ್ರೈವಿಂಗ್ ಶಾಲೆಯಲ್ಲಿ ಪಾಠ ಹೇಳಿಕೊಡಲು ಸೇರಿದಳು. ಜೊತೆಯ ಸೈನಿಕರು ಇಟ್ಟಿದ್ದ ‘ಗಾಡಿಯಕ್ಕ’ ಎಂಬ ಹೆಸರು ಇಲ್ಲಿಗೂ ಅವಳ ಬೆನ್ನಿಗೇ ಬಂತು. ಕಲಿಯುವವರು ಕ್ಲಚ್ ಬಿಡುವಾಗ ತಡವರಿಸಿ ಕಾರು ಕಪ್ಪೆಯಂತೆ ಕುಪ್ಪಳಿಸಿದರೂ ಅವಳು ರೇಗುತ್ತಿರಲಿಲ್ಲ. ಅವಳದು ಒಂದೇ ಕಟ್ಟಪ್ಪಣೆ: ಪಾಠದ ಹೊತ್ತಿನಲ್ಲಿ ಹಿಂದಿನ ಸೀಟಿನಲ್ಲಿ ಯಾರೂ ಕೂರಬಾರದು. ಯಾಕೆಂದು ಯಾರೂ ಕೇಳಿರಲಿಲ್ಲ. ಕೇಳಿದ್ದರೂ ಅವಳು ಬಾಯಿ ಬಿಡುತ್ತಿರಲಿಲ್ಲ.

ಬಿಸಿಲು ಚುರುಗುಟ್ಟುತ್ತಿದ್ದ ಒಂದು ಮಧ್ಯಾಹ್ನ ತಂಗಿಯೇ ಆ ಅಪ್ಪಣೆ ಮುರಿದಳು. ಕಲಿಯಲು ಬಂದಿದ್ದ ದರ್ಜಿ ತನ್ನ ವಯಸ್ಸಾದ ತಾಯಿಯನ್ನೂ ಕರೆತಂದಿದ್ದ. ಆಕೆ ಬಿಸಿಲಲ್ಲಿ ಎಲ್ಲಿ ನಿಂತಾಳೆಂದು ತಂಗಿ ಹಿಂದಿನ ಸೀಟಿನಲ್ಲಿ ಕೂರಿಸಿಬಿಟ್ಟಳು. ಗಾಡಿಯಕ್ಕ ಹಿಂದಕ್ಕೆ ನೋಡದೆ ದರ್ಜಿಯ ಪಕ್ಕ ಹತ್ತಿ ಕುಳಿತಳು. ಕಾರು ಮಾರುಕಟ್ಟೆ ರಸ್ತೆಗೆ ತಿರುಗುವಾಗ ಹಿಂದಿನಿಂದ ಅಜ್ಜಿಯ ದನಿ ಬಂತು: “ಅಮ್ಮಾ, ಒಂದು ಗುಟುಕು ನೀರಿದ್ರೆ ಕೊಡ್ತೀಯಾ?”

ಗಾಡಿಯಕ್ಕ ಕಲಿಸುವವರಿಗೆಂದು ತನ್ನ ಕಾಲ ಬಳಿ ಇಟ್ಟಿದ್ದ ಇನ್ನೊಂದು ಬ್ರೇಕನ್ನು ಬಲವಾಗಿ ತುಳಿದಳು. ಕಾರು ನಡುರಸ್ತೆಯಲ್ಲಿ ಗಕ್ಕನೆ ನಿಂತಿತು. ಹಿಂದೆ ಬರುತ್ತಿದ್ದ ವ್ಯಾನು ಬಂಪರಿಗೆ ಗುದ್ದಿತು. ದರ್ಜಿಯ ಹಣೆಯಲ್ಲಿ ನಿಂಬೆಹಣ್ಣಿನಷ್ಟು ಬುಗುಟು ಎದ್ದದ್ದು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ. ಆದರೆ ಸುದ್ದಿ ತಿಳಿದು ತಂಗಿ ಓಡಿಬಂದಾಗಲೂ ಗಾಡಿಯಕ್ಕ ಎರಡೂ ಕೈಯಲ್ಲಿ ಬಾಗಿಲ ಹಿಡಿಯನ್ನು ಬಿಗಿಯಾಗಿ ಹಿಡಿದೇ ಇದ್ದಳು. ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ಸಂಜೆ ತಂಗಿ ಕಾರಿನ ಕೀಯನ್ನು ಮೇಜಿನ ಡ್ರಾಯರಿಗೆ ಹಾಕಿ ಬೀಗ ಜಡಿದಳು.

“ನೀನು ಡಾಕ್ಟರ್ ಹತ್ರ ಹೋಗಿ ಬರೋವರೆಗೂ ಕಾರು ಮುಟ್ಟೋ ಹಾಗಿಲ್ಲ ಅಕ್ಕ.”

“ಯಾವ ಡಾಕ್ಟರು? ನಂಗೆಲ್ಲಿ ಗಾಯ ಆಗಿದೆ?”

“ಮಾಜಿ ಸೈನಿಕರ ಕಚೇರೀಲಿ ಕೌನ್ಸೆಲಿಂಗ್ ಮಾಡ್ತಾರಲ್ಲ, ಅಲ್ಲಿಗೆ ಹೋಗು.”

“ಅದು ಕೈಕಾಲು ಕಳ್ಕೊಂಡೋರು ಹೋಗೋ ಜಾಗ ಕಣೇ. ನಾನು ಗಾಯಾಳುಗಳನ್ನ ಸಾಗಿಸಿದವಳು, ಗಾಯ ಆದವಳಲ್ಲ. ಅವರ ಸಾಲಲ್ಲಿ ಹೋಗಿ ಕೂತ್ಕೊಳ್ಳೋಕೆ ನಂಗೆ ನಾಚಿಕೆ ಆಗಲ್ವಾ?”

“ಆಗ್ಲಿ. ನಾಚಿಕೊಂಡೇ ಹೋಗಿ ಬಾ.”

ಹತ್ತು ದಿನ ಗಾಡಿಯಕ್ಕ ಮುಖ ಗಂಟಿಕ್ಕಿಕೊಂಡು ಲೈಸೆನ್ಸಿನ ಅರ್ಜಿಗಳನ್ನು ತುಂಬಿದಳು. ಹನ್ನೊಂದನೆಯ ದಿನ, ಮಂಗಳವಾರ, ಕೀ ವಾಪಸು ಸಿಕ್ಕರೆ ಸಾಕೆಂದು ಆ ಕಚೇರಿಯ ಮೆಟ್ಟಿಲು ಹತ್ತಿದಳು.

ಕೋಣೆಯಲ್ಲಿ ಎರಡು ಕುರ್ಚಿ, ಗೊರಗೊರ ಎನ್ನುವ ಒಂದು ಫ್ಯಾನು. ಕೌನ್ಸೆಲರ್ ಹುಡುಗಿಗೆ ಮೂವತ್ತು ದಾಟಿರಲಿಲ್ಲ. ನೆಗಡಿಯಿಂದ ಮೂಗು ಕೆಂಪಾಗಿತ್ತು. ಗಾಡಿಯಕ್ಕ ಬಾಗಿಲ ಪಕ್ಕದ ಕುರ್ಚಿಯ ತುದಿಗೆ ಕುಳಿತು ಕೇಳಿದಳು:

“ಗುಂಡಿನ ಸದ್ದು ಕೇಳಿದ್ದೀರಾ ನೀವು?”

“ಸಿನಿಮಾದಲ್ಲಿ ಕೇಳಿದ್ದೀನಿ, ಅಷ್ಟೇ.” ಅವಳು ಸೀನಿದಳು. “ಕ್ಷಮಿಸಿ.”

“ಮತ್ತೆ ನಂಗೇನು ಹೇಳ್ಕೊಡ್ತೀರಿ?”

“ಏನೂ ಇಲ್ಲ. ನೀವೇ ನಂಗೆ ಹೇಳ್ಬೇಕು. ಗಾಡಿ ಓಡಿಸೋಕೂ ಬರಲ್ಲ ನಂಗೆ. ನೀವು ಆಂಬ್ಯುಲೆನ್ಸ್ ಓಡಿಸ್ತಿದ್ದ ರಸ್ತೆ ಹೇಗಿತ್ತು?”

ಮನಸ್ಸಿನ ಬಗ್ಗೆ ಕೇಳಿದ್ದರೆ ಗಾಡಿಯಕ್ಕ ಎದ್ದು ಹೋಗುತ್ತಿದ್ದಳು. ರಸ್ತೆಯ ಬಗ್ಗೆ ಕೇಳಿದರೆ ಯಾವ ಡ್ರೈವರು ಸುಮ್ಮನಿದ್ದಾರು? ಮೊದಲ ವಾರ ಶಿಬಿರದಿಂದ ಹೊಳೆಯವರೆಗಿನ ದಾರಿ ಹೇಳಿದಳು. ಎರಡನೆಯ ವಾರ ಮುರಿದ ಸೇತುವೆ, ಅದರ ಪಕ್ಕದ ಕಚ್ಚಾದಾರಿ. ಮೂರನೆಯ ವಾರ ಸುಟ್ಟುಹೋದ ಪೆಟ್ರೋಲ್ ಬಂಕಿನವರೆಗೆ ಬಂದು ಮಾತು ನಿಂತುಬಿಟ್ಟಿತು. ಹುಡುಗಿ ಒತ್ತಾಯಿಸಲಿಲ್ಲ. ನಾಲ್ಕನೆಯ ಮಂಗಳವಾರ ಗಾಡಿಯಕ್ಕ ಬಂಕನ್ನು ದಾಟಿದಳು.

ಅಲ್ಲಿಂದಾಚೆ ಇಳಿಜಾರು. ಅಕ್ಕಪಕ್ಕ ಫಿರಂಗಿಯ ಶೆಲ್ಲುಗಳು ಬೀಳುತ್ತಿದ್ದವು. ಹಿಂದೆ ಮಲಗಿದ್ದ ಎಳೆಯ ಸೈನಿಕ ಒಂದೇ ಸಮನೆ ಕೂಗುತ್ತಿದ್ದ: ಅಕ್ಕ, ನೀರು, ಒಂದ್ನಿಮಿಷ ನಿಲ್ಸಿ ಅಕ್ಕ. ಅವಳು ನಿಲ್ಲಿಸಲಿಲ್ಲ. ಸ್ವಲ್ಪ ದೂರ ಹೋದಮೇಲೆ ದನಿ ನಿಂತಿತು. ಆಸ್ಪತ್ರೆಯಲ್ಲಿ ಸ್ಟ್ರೆಚರ್ ಇಳಿಸುವಾಗ ಅವಳು ತಿರುಗಿ ನೋಡಲಿಲ್ಲ. ಡೀಸೆಲ್ ತುಂಬಿಸಿಕೊಂಡು ಮತ್ತೆ ಅದೇ ದಾರಿ ಹಿಡಿದಳು.

“ಹನ್ನೊಂದು ವರ್ಷ ಆಯ್ತು. ಸಾಯೋನು ಕೇಳಿದ್ದು ಒಂದು ಗುಟುಕು ನೀರು. ಅದನ್ನೂ ಕೊಡ್ಲಿಲ್ಲ ನಾನು.”

ಹುಡುಗಿ ಕೇಳಿದಳು: “ಅವತ್ತು ಗಾಡಿ ಹಿಂದೆ ಇನ್ಯಾರಾದ್ರೂ ಇದ್ರಾ?”

“ಇದ್ದ. ಪಟ್ಟಿ.”

ಪಟ್ಟಿ ಎಂದರೆ ಗಾಯಾಳುಗಳಿಗೆ ಮೊದಲ ಚಿಕಿತ್ಸೆ ಮಾಡುತ್ತಿದ್ದ ಸೈನಿಕ. ಬ್ಯಾಂಡೇಜಿನ ಸುರುಳಿಗಳನ್ನು ಸದಾ ಕೊರಳಿಗೆ ನೇತುಹಾಕಿಕೊಳ್ಳುತ್ತಿದ್ದುದರಿಂದ ಆ ಹೆಸರು. ಈಗ ಅವನದು ಊರಿನ ಆಚೆ ತುದಿಯಲ್ಲಿ ಕನ್ನಡಕದ ಅಂಗಡಿ. ಮದುವೆ ಮುಂಜಿಗಳಲ್ಲಿ ಸಿಕ್ಕಾಗ ಮಂಡಿನೋವಿನ ವಿಷಯ ಮಾತಾಡುತ್ತಿದ್ದರೇ ಹೊರತು ಆ ಇಳಿಜಾರಿನ ಸುದ್ದಿ ಎತ್ತಿದ್ದಿಲ್ಲ. ‘ನಿನ್ನಿಂದಲೇ ಸತ್ತ’ ಅಂದುಬಿಟ್ಟರೆ ಎಂಬ ಭಯ ಅವಳಿಗೆ.

ಶನಿವಾರ ಬೆಳಿಗ್ಗೆ ಗಾಡಿಯಕ್ಕ ಬಸ್ಸು ಹಿಡಿದು ಅಂಗಡಿಗೆ ಹೋದಳು. ನೀರೂ ಕುಡಿಯದೆ, ನಿಂತ ಕಾಲಲ್ಲೇ ಆ ಹುಡುಗನ ವಿಷಯ ಕೇಳಿದಳು. ಪಟ್ಟಿ ಕೈಯಲ್ಲಿದ್ದ ಫ್ರೇಮನ್ನು ಕೆಳಗಿಟ್ಟ.

“ಅಕ್ಕಾ, ಅವನಿಗೆ ಏಟು ಬಿದ್ದಿದ್ದು ಹೊಟ್ಟೆಗೆ. ನೀನು ನಿಲ್ಸಿದ್ರೂ ನಾನು ನೀರು ಕುಡಿಸ್ತಿರಲಿಲ್ಲ. ಕುಡಿಸಬಾರ್ದು. ಒದ್ದೆ ಬಟ್ಟೇಲಿ ತುಟಿ ಒರೆಸ್ದೆ.”

“ಆಮೇಲೆ ದನಿ ನಿಂತೋಯ್ತಲ್ಲ?”

“ನೋವಿಗೆ ಸೂಜಿ ಚುಚ್ಚಿದ್ನಲ್ಲ, ಮಂಪರು ಹತ್ತಿತು. ಇಳಿಸುವಾಗ ಉಸಿರಾಡ್ತಿದ್ದ. ನಾನೇ ಕೈಯಾರೆ ಡಾಕ್ಟರಿಗೆ ಒಪ್ಪಿಸ್ದೆ.”

“ಬದುಕಿದ್ನಾ?”

“ಗೊತ್ತಿಲ್ಲಕ್ಕ. ಸುಳ್ಳು ಹೇಳಲ್ಲ. ಆದ್ರೆ ನಿನ್ನ ಗಾಡೀಲಿ ಸಾಯ್ಲಿಲ್ಲ. ನೀನು ನಿಲ್ಸಿದ್ರೆ ಮೂರೂ ಜನ ಅಲ್ಲೇ ಹೋಗಿರ್ತಿದ್ವಿ.”

ಗಾಡಿಯಕ್ಕ ಗಾಜಿನ ಕೌಂಟರಿಗೆ ತಲೆಯಿಟ್ಟು ಬಿಕ್ಕಿಬಿಕ್ಕಿ ಅತ್ತಳು. ಪಟ್ಟಿ ಗಡಿಬಿಡಿಯಲ್ಲಿ ಕೈಗೆ ಸಿಕ್ಕ ಕನ್ನಡಕ ಒರೆಸುವ ಬಟ್ಟೆ ಚಾಚಿದ. ಅವಳು ಅದನ್ನು ತಿರುಗಿಸಿ ನೋಡಿ, “ಅಂಗೈಯಷ್ಟಿಲ್ಲ, ಇದರಲ್ಲಿ ಏನೋ ಒರೆಸ್ಲಿ?” ಎಂದು ಅಳುತ್ತಲೇ ನಕ್ಕಳು.

“ಇಷ್ಟು ವರ್ಷ ಆದ್ಮೇಲೆ ಇದನ್ನ ಕೇಳೋ ಬುದ್ಧಿ ಹೇಗೆ ಬಂತು?”

ಅವಳು ಕೌನ್ಸೆಲಿಂಗಿನ ವಿಷಯ ಹೇಳಿದಳು. ಪಟ್ಟಿ ಮೆಲ್ಲಗೆ ನಕ್ಕ.

“ನಾನು ಮೂರು ವರ್ಷದಿಂದ ಹೋಗ್ತಿದ್ದೀನಿ. ಪ್ರತಿ ಶುಕ್ರವಾರ.”

“ನಂಗ್ಯಾಕೋ ಹೇಳ್ಲಿಲ್ಲ?”

“ಬರೀ ಮಾತಾಡಿ ಕಾಯಿಲೆ ವಾಸಿ ಮಾಡ್ತಾರಂತೆ ಅಂತ ನನ್ನ ಮಗಳ ಮದುವೇಲಿ ಎಲ್ಲರ ಮುಂದೆ ಆಡ್ಕೊಂಡಿದ್ಯಲ್ಲ. ಹೇಗೆ ಹೇಳ್ಲಿ?”

ಗಾಡಿಯಕ್ಕ ನಾಲಿಗೆ ಕಚ್ಚಿಕೊಂಡಳು.

ಆಮೇಲೂ ಅವಳು ಮಂಗಳವಾರಗಳನ್ನು ತಪ್ಪಿಸಲಿಲ್ಲ. ಹೇಳಬೇಕಾದ ದಾರಿಗಳು ಇನ್ನೂ ಇದ್ದವು. ಎರಡು ತಿಂಗಳಾದ ಮೇಲೆ ತಂಗಿ ತಾನಾಗಿಯೇ ಡ್ರಾಯರಿನ ಬೀಗ ತೆಗೆದಳು. ಆದರೆ ಪಟ್ಟಿಯ ಅಂಗಡಿಯಿಂದ ಹೊರಟ ಆ ಶನಿವಾರ ಗಾಡಿಯಕ್ಕನಿಗೆ ಅದ್ಯಾವುದೂ ಬೇಕಿರಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ ಕಿಟಕಿಗೆ ಒರಗಿದವಳಿಗೆ ಎಲ್ಲಿಲ್ಲದ ನಿದ್ದೆ ಬಂತು. ಕಂಡಕ್ಟರು ಎಬ್ಬಿಸಿದಾಗ ತನ್ನ ಸ್ಟಾಪು ಎಲ್ಲೋ ಹಿಂದೆ ಉಳಿದು, ಬಸ್ಸು ಕೊನೆಯ ನಿಲ್ದಾಣದಲ್ಲಿ ಖಾಲಿಯಾಗಿ ನಿಂತಿತ್ತು.

ತಂಗಿಗೆ ಫೋನು ಮಾಡಿದಳು. “ಬಸ್ಸಲ್ಲಿ ನಿದ್ದೆ ಹೊಡೆದ್ಬಿಟ್ಟೆ ಕಣೇ.”

“ನೀನಾ? ಬೇರೆಯವರು ಓಡಿಸೋ ಗಾಡೀಲಿ ಕಣ್ಣೇ ಮುಚ್ಚದ ನೀನಾ?” ತಂಗಿಗೆ ನಂಬಿಕೆಯೇ ಬರಲಿಲ್ಲ. “ಅಲ್ಲೇ ಇರು, ಬಂದೆ.”

ಗಾಡಿಯಕ್ಕ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಚಪ್ಪಲಿ ಬಿಚ್ಚಿ ಕಾಲು ಚಾಚಿ ಕುಳಿತಳು. ತಂಗಿ ಬರುವಷ್ಟರಲ್ಲಿ ಅಲ್ಲಿಯೂ ಅವಳಿಗೆ ಜೋಂಪು ಹತ್ತಿತ್ತು.