ಎಲಿಸೆಯೊನ ಹುಳ

ಡಬ್ಬಿಯ ಬಾಯಿಗೆ ಕಟ್ಟಿದ ತೆಳು ಬಟ್ಟೆಯನ್ನು ನನ್ನ ತಮ್ಮ ಫ್ರೊಯ್ಲಾನನ ಮುಂಗೈಗೆ ಒತ್ತಿ ಹಿಡಿದು ಪಟ್ಟಿ ಸುತ್ತಿದೆ. ಒಳಗೆ ವಾರಗಟ್ಟಲೆ ಉಪವಾಸವಿದ್ದ, ವಿಂಚುಕ ಎಂಬ ರಕ್ತ ಹೀರುವ ತಿಗಣೆಗಳಿದ್ದವು. ನಮ್ಮ ಪ್ರಯೋಗಾಲಯದಲ್ಲೇ ಮೊಟ್ಟೆಯೊಡೆದು, ಕೋಳಿಯ ರಕ್ತವನ್ನಷ್ಟೇ ಕುಡಿದು ಬೆಳೆದ, ಸೋಂಕು ತಿಳಿಯದ ಮರಿಗಳು ಅವು.

“ನೋಡಕ್ಕ, ಕಾಲ ಹೆಂಗ್ ಬಂತು,” ಅಂದ ಫ್ರೊಯ್ಲಾನ್. “ಚಿಕ್ಕೋರಿದ್ದಾಗ ಈ ತಿಗಣೆಗಳು ಸೂರಿಂದ ತಾವೇ ಉದುರಿ ಬಂದು ಊಟ ಮಾಡ್ಕೊಂಡ್ ಹೋಗ್ತಿದ್ವು. ಈಗ ನಾನೇ ಮಿನಿಬಸ್ ಹತ್ಕೊಂಡ್ ಬಂದು ಬಡಿಸ್ಬೇಕು.”

“ಕೈ ಅಲ್ಲಾಡಿಸ್ಬೇಡ.”

“ಕಚ್ತಾನೇ ಇಲ್ವಲ್ಲೇ. ಕೋಳಿ ರುಚಿ ಹತ್ತಿರೋ ಬಾಯಿಗೆ ಬಡವನ ರಕ್ತ ಎಲ್ಲಿ ಹಿಡಿಸುತ್ತೆ!”

ಕಚ್ಚುತ್ತಿದ್ದವು. ವಿಂಚುಕ ಕಚ್ಚಿದ್ದು ಗೊತ್ತಾಗುವುದಿಲ್ಲ, ಅದೇ ಅದರ ಜಾಣತನ. ಬಟ್ಟೆಯಾಚೆ ಅವುಗಳ ಚಪ್ಪಟೆ ಹೊಟ್ಟೆ ನಿಧಾನವಾಗಿ ಉಬ್ಬುವುದು ನನಗೆ ಕಾಣುತ್ತಿತ್ತು. ಅವನ ರಕ್ತದಲ್ಲಿ ಪರೋಪಜೀವಿ, ನಾವು ಮನೆಯಲ್ಲಿ ಹುಳ ಎನ್ನುವುದು, ಎಷ್ಟು ವಿರಳವಾಗಿತ್ತೆಂದರೆ ನೇರವಾಗಿ ಹುಡುಕಿದರೆ ಸಿಗುತ್ತಿರಲಿಲ್ಲ. ಹಸಿದ ಕೀಟಕ್ಕೆ ಉಣಿಸಬೇಕು, ಅದರ ಕರುಳಲ್ಲಿ ಅದು ಬೆಳೆಯುವವರೆಗೆ ಕಾಯಬೇಕು. ಹಳೆಯ ಪದ್ಧತಿ, ಆದರೂ ನಂಬುವಂಥದು.

ಕೊಚಬಾಂಬದ ಕಣಿವೆಯ ಅರ್ಧ ಜನರಂತೆ ಅವನಿಗೂ ವಿಂಚುಕ ಹರಡುವ, ವರ್ಷಗಟ್ಟಲೆ ಒಳಗೊಳಗೇ ಹೃದಯ ತಿನ್ನುವ ಈ ಸೋಂಕಿದೆಯೆಂದು ನಮಗೆ ಮೊದಲೇ ಗೊತ್ತಿತ್ತು. ಆದರೆ ಹೋದ ತಿಂಗಳು ಬ್ಯಾಂಡಿನ ತಾಲೀಮಿನಲ್ಲಿ, ಅವನು ಊದುವ ದೊಡ್ಡ ಹಿತ್ತಾಳೆ ವಾದ್ಯ ಟೂಬಾ ಹೆಗಲ ಮೇಲಿದ್ದಂತೆಯೇ, ಅವನು ಬಿದ್ದ. ಹೃದಯದ ಡಾಕ್ಟರು ಇಸಿಜಿ ನೋಡಿ, ಮೇಲಿನ ಕೋಣೆಯ ಸಂಕೇತ ಕೆಳಗಿನ ಕೋಣೆಗೆ ತಲುಪುವುದು ಆಗಾಗ ತಪ್ಪುತ್ತಿದೆ, ಪೇಸ್‌ಮೇಕರ್ ಹಾಕಲೇಬೇಕು, ತಡ ಮಾಡಬೇಡಿ ಎಂದರು. ಹುಳ ಕೊಲ್ಲುವ ಮಾತ್ರೆಗೆ ಈ ಹಂತದಲ್ಲಿ ಹೃದಯವನ್ನು ಮತ್ತೆ ಕಟ್ಟುವ ಶಕ್ತಿಯಿಲ್ಲ. ಆಸ್ಪತ್ರೆಯಲ್ಲಿ ಸಾಧನವೂ ಇತ್ತು, ಹಾಸಿಗೆಯೂ ಇತ್ತು. ಒಪ್ಪದವನು ಇವನೊಬ್ಬನೇ.

ಅವನ ಬ್ಯಾಂಡಿಗೆ ಈ ಸಲ ಬೆಟ್ಟನಾಡಿನ ಒರುರೊ ಊರಿನ ಕಾರ್ನಿವಲ್‌ಗೆ ಕರೆ ಬಂದಿತ್ತು. ಗಾಳಿಯೇ ಸಾಲದ ಆ ಎತ್ತರದಲ್ಲಿ, ಹೆಗಲ ಮೇಲೆ ಅಷ್ಟು ಹಿತ್ತಾಳೆ ಹೊತ್ತು, ಬೆಳಗಿನಿಂದ ಸಂಜೆಯವರೆಗೆ ಊದುತ್ತಾ ನಡೆಯಬೇಕು. ಎದೆಯಲ್ಲಿ ಯಂತ್ರ ಕೂರಿಸಿಕೊಂಡವನನ್ನು ಬ್ಯಾಂಡಿನ ಮೇಷ್ಟ್ರು ಮತ್ತೆ ಸಾಲಿಗೆ ಸೇರಿಸುವುದಿಲ್ಲ ಎಂಬುದು ಅವನ ಲೆಕ್ಕ. ನಾನು ಬೇಡಿಕೊಂಡಾಗ, ಬೈದಾಗ, ಕೊನೆಗೆ ಒಂದು ಷರತ್ತು ಹಾಕಿದ್ದ.

“ಹುಳದಲ್ಲಿ ಆರು ಬಗೆ ಇದೆ ಅಂತ ನೀನೇ ಹೇಳಿದ್ದಲ್ಲ. ಎಲಿಸೆಯೊಗಿದ್ದ ಹುಳಾನೇ ನಂಗೂ ಇದ್ರೆ ಮಾರನೇ ದಿನಾನೇ ಹೋಗಿ ಆಪರೇಷನ್ ಮೇಜಿನ ಮೇಲ್ ಮಲಗ್ತೀನಿ. ಬೇರೆ ಆದ್ರೆ ಒರುರೊಗೆ ಹೋಗ್ತೀನಿ. ಆಮೇಲೆ ನೀನು ಬಾಯ್ ಮುಚ್ಕೊಂಡಿರ್ಬೇಕು.”

ಎಲಿಸೆಯೊ ನಮ್ಮಿಬ್ಬರ ನಡುವೆ ಹುಟ್ಟಿದ ತಮ್ಮ. ಮೂರು ವರ್ಷದ ಹಿಂದೆ ಮಾರುಕಟ್ಟೆಯಲ್ಲಿ ಲಾರಿಯಿಂದ ಆಲೂಗಡ್ಡೆ ಮೂಟೆ ಇಳಿಸಿ, ಅದರ ಮೇಲೆಯೇ ಕೂತು, ಮತ್ತೆ ಏಳಲಿಲ್ಲ. ಅವನು ಸತ್ತಾಗಿನ ವಯಸ್ಸಿಗೆ ಈಗ ಫ್ರೊಯ್ಲಾನ್ ಬಂದಿದ್ದ.

“ಬಗೆ ಯಾವುದಾದ್ರೂ ನಿನ್ ಹೃದಯ ಈಗಾಗ್ಲೇ ಕೆಟ್ಟಿದೆ ಕಣೋ,” ಅಂದೆ.

“ನಿಂಗೆ ಓದು ಜಾಸ್ತಿ ಆಯ್ತು,” ಅಂದ. “ನಾಯಿ ಕಚ್ಚಿದ್ರೆ ಯಾವ ನಾಯಿ ಅಂತ ಕೇಳಲ್ವಾ?”

ಒಪ್ಪಿದೆ. ಒಪ್ಪದಿದ್ದರೆ ನೇರವಾಗಿ ಒರುರೊಗೇ ಹೊರಡುತ್ತಿದ್ದ. ಕೀಟಗಳ ಹೊಟ್ಟೆಯಲ್ಲಿ ಅದು ಬೆಳೆಯುವಷ್ಟು ಕಾಲವಾದರೂ ಅವನು ಊರಲ್ಲಿ ನಿಲ್ಲುತ್ತಾನೆ, ಅಷ್ಟರಲ್ಲಿ ಮನಸ್ಸು ತಿರುಗೀತು ಎಂದುಕೊಂಡೆ.

ತಿರುಗಲಿಲ್ಲ. ಒಂದು ತಿಂಗಳ ನಂತರ ಕೀಟದ ಹೊಟ್ಟೆಯನ್ನು ಮೆಲ್ಲಗೆ ಹಿಸುಕಿ, ಬಂದ ಹನಿಯನ್ನು ಗಾಜಿನ ಮೇಲಿಟ್ಟು ನೋಡಿದರೆ, ಬಾಲದ ಎಳೆ ಆಡಿಸುತ್ತಾ ಅವು ಈಜುತ್ತಿದ್ದವು. ಅವನ್ನು ಕೊಳವೆಗಳಲ್ಲಿ ಬೆಳೆಸಿದೆ. ಹೋಲಿಸಲು ಎಲಿಸೆಯೊನದು ಬೇಕಿತ್ತು. ಅವನು ಬದುಕಿದ್ದಾಗ ರಕ್ತದಿಂದ ತೆಗೆದು ಬೆಳೆಸಿದ್ದನ್ನು ದ್ರವ ಸಾರಜನಕದ ತೊಟ್ಟಿಯಲ್ಲಿ ಇಟ್ಟಿದ್ದೆವು. ಹೊಗೆಯಾಡುವ ತೊಟ್ಟಿಯಿಂದ ಚಿಕ್ಕ ಸೀಸೆಯನ್ನು ಎತ್ತಿ, ಅಂಗೈಯಲ್ಲಿ ಕರಗಿಸಿ, ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಮೊದಲು ಏನೂ ಅಲುಗಲಿಲ್ಲ. ಆಮೇಲೆ ಒಂದು ನಡುಗಿತು, ಇನ್ನೊಂದು ತಿರುಗಿತು. ನನ್ನ ತಮ್ಮನದೆಂದು ಈ ಲೋಕದಲ್ಲಿ ಜೀವಂತ ಉಳಿದಿದ್ದದ್ದು ಅವನನ್ನು ಕೊಂದದ್ದು ಮಾತ್ರ.

ಡಿಎನ್‌ಎ ತೆಗೆದು ಜೆಲ್ ಮೇಲೆ ಪಕ್ಕಪಕ್ಕದಲ್ಲಿ ಓಡಿಸಿ, ಮೂಡಿದ ಪಟ್ಟೆಗಳನ್ನು ಹೋಲಿಸಿದೆ. ಎಲಿಸೆಯೊನದು ಐದನೆಯ ಬಗೆ, ಫ್ರೊಯ್ಲಾನನದು ಮೊದಲನೆಯದು. ಮನುಷ್ಯ ಈ ಖಂಡಕ್ಕೆ ಕಾಲಿಡುವ ಎಷ್ಟೋ ಮೊದಲೇ ಬೇರೆ ದಾರಿ ಹಿಡಿದ ವಂಶಗಳಿವು, ಒಂದೇ ಹೆಸರು ಹೊತ್ತ ದೂರದ ನೆಂಟರು.

ಅದರಿಂದ ಏನು ತಿಳಿಯಿತು? ನಾನು ಕೆಲಸಕ್ಕೆ ಸೇರಿದಾಗಿನಿಂದ ಇದೇ ಪ್ರಶ್ನೆಯ ಹಿಂದೆ ಇದ್ದೇನೆ. ಕೆಲವು ಬಗೆಗಳು ಕರುಳನ್ನು ಹಿಗ್ಗಿಸುತ್ತವೆ, ಕೆಲವು ಹೃದಯವನ್ನು ಹಿಡಿಯುತ್ತವೆ ಎಂದು ಒಬ್ಬರು ಬರೆದರೆ, ಪಕ್ಕದ ದೇಶದ ಅಂಕಿಗಳು ಅದನ್ನು ಒಪ್ಪುವುದಿಲ್ಲ. ನನ್ನ ಕೋಷ್ಟಕದಲ್ಲೇ ಐದನೆಯ ಬಗೆಯಿದ್ದೂ ಎಂಬತ್ತರಲ್ಲಿ ಹೊಲ ಉಳುವವರಿದ್ದಾರೆ, ಮೊದಲನೆಯ ಬಗೆಯಿದ್ದು ಮೂವತ್ತಕ್ಕೇ ಮಣ್ಣಾದವರಿದ್ದಾರೆ. ಇನ್ನೊಂದು ತೊಡಕೂ ಇದೆ. ನಮಗೆ ಸಿಕ್ಕಿದ್ದು ರಕ್ತದಲ್ಲಿ ಓಡಾಡುತ್ತಿದ್ದ ಹುಳಗಳು, ಅವುಗಳಲ್ಲೂ ಕೀಟದ ಕರುಳಿಗೆ ಒಗ್ಗಿದವು ಮಾತ್ರ. ಹೃದಯದ ಮಾಂಸದೊಳಗೆ ಮನೆ ಮಾಡಿಕೊಂಡಿರುವವು ಬೇರೆಯೇ ಇರಬಹುದು. ಸಂತೆಗೆ ಬಂದವರ ಮುಖ ನೋಡಿ ಊರಲ್ಲಿ ಉಳಿದವರು ಯಾರೆಂದು ಹೇಳಲಾಗದು.

ಅಂದು ಮಧ್ಯಾಹ್ನ ಅಮ್ಮ ಬಂದಳು. ಬೇಯಿಸಿದ ಮೆಕ್ಕೆಜೋಳ, ಗಿಣ್ಣುಗಟ್ಟಿ ಕಟ್ಟಿಕೊಂಡು ಬಂದು ಹೊರಗಿನ ಬೆಂಚಿನ ಮೇಲೆ ಗಂಟು ಬಿಚ್ಚಿದಳು. ಟೊಪ್ಪಿಯನ್ನೂ ತೆಗೆಯಲಿಲ್ಲ.

“ಒಂದೇನಾ?”

“ಅಲ್ಲ. ಬೇರೆ.”

ಅಮ್ಮ ಶಿಲುಬೆ ಗುರುತು ಹಾಕಿಕೊಳ್ಳಲು ಹಣೆಗೆ ಕೈ ಒಯ್ದವಳು ಅಲ್ಲೇ ನಿಲ್ಲಿಸಿದಳು. “ಹಂಗಾದ್ರೆ ಹೊರಟೇ ಹೋಗ್ತಾನಲ್ಲೇ.”

“ಹೂಂ.”

“ಒಂದೇ ಅಂತ ಹೇಳ್ಬಿಡು.”

“ಅಮ್ಮಾ!”

“ಏನಮ್ಮಾ? ಹೆದರ್ಲಿ. ಹೆದರ್ಕೊಂಡಾದ್ರೂ ಹೋಗಿ ಮಲಗ್ಲಿ. ಮೆಷಿನ್ ಕೂತ್ಮೇಲೆ ನಿಜ ಹೇಳಿದ್ರಾಯ್ತು.”

“ಸುಳ್ಳು ಫಲಿತಾಂಶ ಹೇಳೋಕಾಗಲ್ಲ. ಇದು ನನ್ ಕೆಲ್ಸ.”

“ಕೆಲ್ಸವಂತೆ ಕೆಲ್ಸ! ಕಹಿ ಕಷಾಯಾನ ಜೇನು ಅಂತ ಹೇಳಿ ನಿಂಗೆ ಕುಡಿಸ್ಲಿಲ್ವಾ ನಾನು? ಬದುಕಿದ್ದೀಯಲ್ಲ, ಮಹರಾಯ್ತಿ.”

“ನಾಳೆ ಬಂದು ನಾನೇ ಕೂರಿಸ್ಕೊಂಡು ಬಿಡಿಸಿ ಹೇಳ್ತೀನಿ.”

“ನೀನು ಬಿಡಿಸಿ ಹೇಳೋದು ಕೇಳಿ ಯಾವೋನು ಬದುಕಿದ್ದಾನೆ?” ಅಮ್ಮ ಗಂಟು ಮತ್ತೆ ಕಟ್ಟಿದಳು. “ಆಯ್ತು ಬಿಡು. ನಂಗೂ ಒಂದು ಬಾಯಿ ಕೊಟ್ಟಿದ್ದಾನೆ ದೇವ್ರು.”

ಕೋಪದ ಮಾತೆಂದುಕೊಂಡೆ. ಮರುದಿನ ಮಧ್ಯಾಹ್ನ ನಗರದ ದಕ್ಷಿಣದ ಗುಡ್ಡ ಹತ್ತಿ ಅವರ ಮನೆ ಸೇರುವಾಗ, ಅಮ್ಮ ಅಂಗಳದಲ್ಲಿ ಮಗನ ಬ್ಯಾಂಡಿನ ಕೆಂಪು ಅಂಗಿಯನ್ನು ಎದೆಗವಚಿಕೊಂಡು ಕೂತಿದ್ದಳು.

“ಹೇಳ್ಬಿಟ್ಟೆ ಕಣೆ,” ಅಂದಳು. “ಒಂದೇ ಹುಳ ಅಂದೆ. ಎದ್ದು ಆಸ್ಪತ್ರೆಗೆ ಓಡ್ತಾನೆ ಅಂದ್ಕೊಂಡಿದ್ದೆ. ಮಲಗ್ಬಿಟ್ಟ. ನಿನ್ನೆಯಿಂದ ನೀರೂ ಮುಟ್ಟಿಲ್ಲ. ಜೀವ ಅವನ್ನ ಬಿಟ್ಟು ಎಲ್ಲೋ ಹೋಗಿದೆ.”

ದೊಡ್ಡ ಹೆದರಿಕೆಗೆ ಜೀವ ಮೈಯಿಂದ ಜಾರಿ ಹೊರಗೆ ಅಲೆಯುತ್ತದೆ, ಉಟ್ಟ ಬಟ್ಟೆ ತೋರಿಸಿ ಹೆಸರು ಹಿಡಿದು ಕರೆದರೆ ಮರಳುತ್ತದೆ ಎನ್ನುವುದು ನಮ್ಮ ಜನರ ನಂಬಿಕೆ. ಬೀದಿಯ ಮಕ್ಕಳ ಜೀವವನ್ನೆಲ್ಲ ಹಾಗೆ ಕರೆದು ತರುತ್ತಿದ್ದವಳು ನಮ್ಮಮ್ಮ. ಈಗ ಸ್ವಂತ ಮಗನದನ್ನು ತಾನೇ ಹೆದರಿಸಿ ಓಡಿಸಿದ್ದಳು. ಎದ್ದು ಬೇಲಿಯ ಕಡೆ ಹೋಗಿ, ಅಂಗಿ ಬೀಸುತ್ತಾ, “ಬಾ ಫ್ರೊಯ್ಲಾನ್, ಮನೆಗೆ ಬಾ ಮಗಾ, ಹೆದರ್ಬೇಡ ಬಾ,” ಎಂದು ಮೆಲುದನಿಯಲ್ಲಿ ಕರೆಯತೊಡಗಿದಳು.

ಒಳಗೆ ಟೂಬಾ ಮೂಲೆಯಲ್ಲಿ ಕಂಬಳಿ ಹೊದ್ದು ಬೋರಲಾಗಿತ್ತು. ಅವನು ಗೋಡೆಗೆ ಮುಖ ಮಾಡಿ ಮಲಗಿದ್ದ.

“ನಿಂದು ಬೇರೆ ಹುಳ ಕಣೋ. ಅಮ್ಮ ಸುಳ್ಳು ಹೇಳಿದ್ಲು.”

“ನೀನ್ ಬಂದು ಹಿಂಗೇ ಹೇಳ್ತೀಯ ಅಂತ ಗೊತ್ತಿತ್ತು.”

ಫೋನಿನಲ್ಲಿದ್ದ ಚಿತ್ರ ತೋರಿಸಿದೆ. “ನೋಡು, ಈ ಪಟ್ಟೆ ಅವನದು, ಈ ಕಡೇದು ನಿಂದು. ಒಂದೇ ಥರ ಇದೆಯಾ?”

“ನಂಗೆ ಎರಡೂ ಬೇಲಿ ಗೂಟದ ಹಂಗೆ ಕಾಣುತ್ತೆ. ಸತ್ತೋಗೋ ತಮ್ಮಂಗೆ ಸಮಾಧಾನ ಹೇಳೋಕೆ ಬಂದಿದ್ದೀಯ. ಹೇಳು, ಹೇಳು.”

“ಅದೇ ಹುಳ ಅಂತಾನೇ ಇಟ್ಕೋ. ಮೇಜಿನ ಮೇಲ್ ಮಲಗ್ತೀನಿ ಅಂದಿದ್ದೆಯಲ್ಲ?”

“ಅಂದಿದ್ದೆ. ಬೇರೆ ಇರುತ್ತೆ ಅಂದ್ಕೊಂಡು ಅಂದಿದ್ದೆ.” ಗೋಡೆಗೇ ಹೇಳಿದ. “ಮೂಟೆ ಮೇಲೆ ಕೂತಿದ್ದ ಅವನನ್ನ ಹೊತ್ಕೊಂಡ್ ಬಂದಿದ್ದು ನಾನು. ಅದು ನನ್ ಒಳಗೂ ಇದ್ರೆ ಯಾವ ಮೆಷಿನ್ ಹಾಕಿ ಏನು?”

ಅವನು ಹೊರಳಿ, ಮೊಣಕೈ ಊರಿ ಎದ್ದ. “ಅಕ್ಕ, ಎಲಿಸೆಯೊ ಮೇಲೆ ಆಣೆ ಇಡು. ನಿಜವಾಗ್ಲೂ ಬೇರೆನಾ?”

“ಆಣೆಗೂ ಬೇರೆ.”

ಅವನ ಮುಖಕ್ಕೆ ಬಣ್ಣ ಬಂತು. ಕಣ್ಣು ಟೂಬಾದ ಕಡೆ ಹೋಯಿತು. ಒರುರೊ ಆ ಕಣ್ಣಲ್ಲಿತ್ತು. ನಂಬಿದರೆ ಒರುರೊಗೆ ಹೋಗಿ ಸಾಯುತ್ತಾನೆ, ನಂಬದಿದ್ದರೆ ಈ ಗೋಡೆ ನೋಡುತ್ತಾ ಸಾಯುತ್ತಾನೆ. ನಿಜಕ್ಕೂ ಸುಳ್ಳಿಗೂ ಒಂದೇ ಸ್ಮಶಾನ. ಉತ್ತರದಲ್ಲಿ ಏನೂ ಇರಲಿಲ್ಲ, ಆ ಪ್ರಶ್ನೆಯನ್ನೇ ಒಡೆಯಬೇಕಿತ್ತು. ಒಡೆಯಲು ನನ್ನ ಬಳಿ ಒಂದೇ ಕಲ್ಲಿತ್ತು. ಅದನ್ನು ಇವನ ಮೇಲೂ ಅಮ್ಮನ ಮೇಲೂ ಎಸೆಯಬಾರದೆಂದೇ ಇಷ್ಟು ವರ್ಷ ಇಟ್ಟುಕೊಂಡಿದ್ದೆ.

“ಎಲಿಸೆಯೊನ ಹುಳ ಎಲ್ಲಿದೆ ಅಂತ ತಿಳ್ಕೋಬೇಕಾ?” ನನ್ನ ಎದೆ ತಟ್ಟಿ ತೋರಿಸಿದೆ. “ಇಲ್ಲಿದೆ. ಐದನೇ ಬಗೆ. ಕೂದಲೆಳೆ ವ್ಯತ್ಯಾಸ ಇಲ್ಲ. ಅವನೂ ನಾನೂ ಒಂದೇ ಕಡೆ ಮಲಗ್ತಿದ್ವಲ್ಲ, ಒಲೆ ಪಕ್ಕ.”

ಹೊರಗೆ ಅಮ್ಮನ ಕರೆ ನಿಂತಿತು.

“ಯಾವಾಗಿಂದ ಗೊತ್ತು ನಿಂಗೆ?” ಅಂದ ಫ್ರೊಯ್ಲಾನ್.

“ಕೆಲಸಕ್ಕೆ ಸೇರಿದಾಗ್ಲೇ ನೋಡ್ಕೊಂಡೆ. ವರ್ಷ ವರ್ಷ ಇಸಿಜಿ ತೆಗೆಸ್ತೀನಿ. ಕುದುರೆ ಥರ ಓಡ್ತಿದೆ. ನಿಮ್ ಗುಡ್ಡ ಈಗ ತಾನೇ ಹತ್ತಿ ಬಂದೆ. ಅವನಿಗಿದ್ದದ್ದೇ ನಂಗಿದೆ, ನನ್ ಹೃದಯ ಚೆನ್ನಾಗಿದೆ. ನಿಂಗೆ ಬೇರೆ ಇದೆ, ನಿಂದು ನಿಲ್ತಾ ಇದೆ.”

“ಹಂಗಾದ್ರೆ ಹುಳ ನೋಡಿ ಏನೂ ಹೇಳೋಕಾಗಲ್ವಾ?”

“ಸಾವಿರ ಜನರನ್ನ ನೋಡಿದ್ರೆ ಏನೋ ಒಂದಿಷ್ಟು ಹೇಳ್ಬಹುದು, ಅದೂ ಅನುಮಾನದಲ್ಲೇ. ನಿನ್ನೊಬ್ಬನ ವಿಷಯ ಹೇಳೋಕಾಗಲ್ಲ.”

“ಇಷ್ಟು ವರ್ಷ ಅಲ್ಲಿ ಕೂತು ಏನ್ ಮಾಡ್ದೆ ಮತ್ತೆ?”

ಅವನ ಬೆರಳನ್ನು ಹಿಡಿದು ನನ್ನ ಮುಂಗೈ ನಾಡಿಯ ಮೇಲಿಟ್ಟೆ. ಅವನ ಇನ್ನೊಂದು ಕೈಯನ್ನು ಅವನದೇ ಕುತ್ತಿಗೆಗೆ ಒತ್ತಿದೆ. ಹುಡುಗುತನದಿಂದ ತಾಳದಲ್ಲೇ ಬೆಳೆದವನು. ಕಣ್ಣು ಮುಚ್ಚಿ ಎರಡೂ ಬಡಿತ ಆಲಿಸಿದ.

“ನಿಂದು ಎರಡು ಬಿದ್ರೆ ನಂದು ಒಂದು,” ಅಂದ. “ಅದೂ ಎಲ್ಲೆಲ್ಲೋ ಬೀಳ್ತಿದೆ. ಹಿಂಗ್ ಊದಿದ್ರೆ ಮೇಷ್ಟ್ರು ಕಿವಿ ಹಿಡಿದು ಆಚೆ ಹಾಕ್ತಾರೆ.”

“ನಮಗೆ ಗೊತ್ತಿರೋದು ಅದೊಂದೇ ಫ್ರೊಯ್ಲಾನ್. ಹುಳದ ಹೆಸರಲ್ಲ.”

ಅವನು ಬಹಳ ಹೊತ್ತು ಬೆರಳು ತೆಗೆಯಲಿಲ್ಲ. ತೆಗೆದಾಗ, ಬೂಟು ಎಲ್ಲಿ ಎಂದು ಕೇಳಿದ.

ಮಿನಿಬಸ್ಸುಗಳು ಅಷ್ಟು ಮೇಲೆ ಬರುವುದಿಲ್ಲ. ಮೂವರೂ ಆಸ್ಪತ್ರೆಗೆಂದು ಇಳಿಜಾರಿನಲ್ಲಿ ಇಳಿದೆವು. ಅಮ್ಮ ನನ್ನ ಮುಖ ನೋಡಲಿಲ್ಲ. “ನಿಂಗೂನಾ?” ಎಂದಷ್ಟೇ ಒಮ್ಮೆ ಕೇಳಿ, ಅಂಗಿಯನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಳು. ಹಬ್ಬ ಹತ್ತಿರವಿದ್ದುದರಿಂದ ಮಕ್ಕಳು ಮಾಳಿಗೆಗಳಿಂದ ನೀರು ತುಂಬಿದ ಬಲೂನು ಎಸೆಯುತ್ತಿದ್ದರು. ಒಂದು ಫ್ರೊಯ್ಲಾನನ ಬೆನ್ನಿಗೆ ಬಿತ್ತು. ಅವನು ತಿರುಗಿ ಬೈಯಲು ಬಾಯಿ ತೆರೆದ, ಮಾತು ಹೊರಡಲಿಲ್ಲ. ರಸ್ತೆಬದಿಯ ಕಲ್ಲಿನ ಮೇಲೆ ಕುಸಿದು ಕೂತ. ತುಟಿ ಬೂದಿಬಣ್ಣವಾಗಿತ್ತು.

ಮುಂಗೈ ಹಿಡಿದೆ. ಒಂದು ಬಡಿತ ಬಂತು. ಮುಂದಿನದು ಬರಲಿಲ್ಲ. ನನ್ನ ನಾಡಿ ಕಿವಿಯಲ್ಲಿ ಡೋಲಿನಂತೆ ಬಡಿಯುತ್ತಿತ್ತು, ಅವನದು ಬರಲಿಲ್ಲ.

“ಫ್ರೊಯ್ಲಾನ್!” ಅಮ್ಮ ಕೂಗಿದಳು. ಜೀವ ಕರೆಯುವ ಮೆಲುದನಿಯಲ್ಲ ಅದು, ಕತ್ತಲಾದರೂ ಹೊಲದಿಂದ ಬಾರದ ಹುಡುಗನನ್ನು ಕರೆಯುವ ಗಂಟಲು.

ಬಂತು. ತಡವಾಗಿ ಇನ್ನೊಂದು.

“ಬಂತಾ?” ಎಂದ ಅವನು, ಕಣ್ಣು ಅರೆ ತೆರೆದು.

“ಬಂತು.”

“ಹಂಗಾದ್ರೆ ಏಳಣ,” ಅಂದ, ಏಳಲಾಗಲಿಲ್ಲ. ಅವನ ಒಂದು ತೋಳಿನ ಕೆಳಗೆ ನಾನು ಹೆಗಲು ಕೊಟ್ಟೆ, ಇನ್ನೊಂದರ ಕೆಳಗೆ ಅಮ್ಮ. ಕೆಳಗಿನ ತಿರುವಿನಲ್ಲಿ ಒಂದು ಮಿನಿಬಸ್ಸು ಹೊರಡಲು ಗುರುಗುಟ್ಟುತ್ತಿತ್ತು. ಅಮ್ಮ ಬಿಡುವಾಗಿದ್ದ ಕೈಯಲ್ಲಿ ಕೆಂಪು ಅಂಗಿಯನ್ನು ಎತ್ತಿ ಬೀಸುತ್ತಾ ನಿಲ್ಲಿಸಪ್ಪಾ, ನಿಲ್ಲಿಸಪ್ಪಾ ಎಂದು ಅರಚಿದಳು. ಅದು ನಿಂತಿತೋ ಇಲ್ಲವೋ ನಾನು ನೋಡಲಿಲ್ಲ. ನನ್ನ ಬೆರಳು ಅವನ ಮುಂಗೈ ಮೇಲಿತ್ತು, ಮುಂದಿನ ಬಡಿತಕ್ಕೆ ಕಾಯುತ್ತಿತ್ತು.